ಪಂಜರದ ಮೂಲೆ ಹಿಡಿದ ಗಿಳಿ: ರಕ್ಷಣಾ ಕೇಂದ್ರಕ್ಕೆ ಬಂದ ಹೊಸ ಹಕ್ಕಿಯನ್ನು ಅರಿಯುವುದು ಹೇಗೆ?

ಬಡ್ಜಿ ಎಂಬ ಪುಟ್ಟ ಗಿಳಿ ಸಾಮಾನ್ಯವಾಗಿ 5ರಿಂದ 10 ವರ್ಷ ಬದುಕುತ್ತದೆ, ಅದಕ್ಕಿಂತ ತುಸು ದೊಡ್ಡದಾದ, ಜುಟ್ಟಿರುವ ಕಾಕಟಿಯಲ್ 15ರಿಂದ 20 ವರ್ಷ. ಆಫ್ರಿಕನ್ ಗ್ರೇ, ಮಕಾವ್, ಕಾಕಟೂಗಳಂಥ ದೊಡ್ಡ ಗಿಳಿಗಳು 40 ವರ್ಷ ದಾಟುವುದು ಅಪರೂಪವೇನಲ್ಲ. ಅಮೆರಿಕದ ಷಿಕಾಗೊ ಬಳಿಯ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿದ್ದ ಕುಕಿ ಎಂಬ ಕಾಕಟೂ 2016ರಲ್ಲಿ ತೀರಿಕೊಂಡಾಗ ಅದಕ್ಕೆ 83 ವರ್ಷ. ಎಳೆಯದರಲ್ಲಿ ಮನೆಗೆ ಬಂದ ದೊಡ್ಡ ಗಿಳಿ ತನ್ನನ್ನು ಸಾಕಿದವರ ಮದುವೆ, ಮಕ್ಕಳು, ಮುಪ್ಪು ಎಲ್ಲವನ್ನೂ ನೋಡಿ, ಅವರ ನಂತರವೂ ಉಳಿಯುವುದುಂಟು. ಆಗ ಅದಕ್ಕೆ ಇನ್ನೊಂದು ಮನೆ ಬೇಕಾಗುತ್ತದೆ, ನಡುವೆ ಒಂದು ತಂಗುದಾಣವೂ ಬೇಕಾಗುತ್ತದೆ. ಪಕ್ಷಿ ರಕ್ಷಣಾ ಕೇಂದ್ರ ಆ ತಂಗುದಾಣ.

ಅಲ್ಲಿ ಸೇವೆಗೆ ಸೇರಿದವರಿಗೂ ಅಲ್ಲಿಂದ ಗಿಳಿಯನ್ನು ಮನೆಗೆ ಕರೆತರುವವರಿಗೂ ಮೊದಲು ಏಳುವ ಪ್ರಶ್ನೆ ಒಂದೇ: ಈ ಹಕ್ಕಿ ಎಂಥದ್ದು? ಹೇಳಬಲ್ಲವರು ಅದನ್ನು ಬಿಟ್ಟು ಹೋಗಿರುತ್ತಾರೆ. ಉತ್ತರ ಉಳಿದಿರುವುದು ಅದರ ಮೈಮೇಲೆ, ಹಿಕ್ಕೆಯಲ್ಲಿ, ತಕ್ಕಡಿಯ ಅಂಕಿಯಲ್ಲಿ, ಮತ್ತು ನಾವು ಹತ್ತಿರ ಹೋದಾಗ ಅದು ಎಷ್ಟು ದೂರ ಸರಿಯುತ್ತದೆ ಎಂಬುದರಲ್ಲಿ. ಮುಟ್ಟುವ ಮೊದಲು ಇದನ್ನೆಲ್ಲ ಓದಬೇಕು.

ಒಂದು ಮಾತು ಮೊದಲೇ ಹೇಳಬೇಕು. ಇಲ್ಲಿರುವುದೆಲ್ಲ ಮನೆಗಳಲ್ಲಿ ಬೆಳೆದ ಗಿಳಿಗಳಿಗೆ ಸಂಬಂಧಿಸಿದ್ದು. ಗಾಯಗೊಂಡು ಬಂದ ಕಾಡಿನ ಗಿಳಿ ವಾಸಿಯಾದ ಮೇಲೆ ಹಾರಿಹೋಗಬೇಕಾದ್ದು, ಅದನ್ನು ಪಳಗಿಸಬಾರದು. ಮನುಷ್ಯರನ್ನು ಕಂಡರೆ ಹೆದರುವ ಗುಣವೇ ಹೊರಗೆ ಅದರ ಜೀವ ಕಾಯುವುದು.

ಸುಮ್ಮನಿದೆ ಎಂದರೆ ಸಾಧು ಎಂದಲ್ಲ

ಗಿಳಿ ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಸಿಕ್ಕುವ ಪ್ರಾಣಿ. ಹಿಂಡಿನಲ್ಲಿ ಸೊರಗಿ ಕಂಡ ಹಕ್ಕಿಯ ಮೇಲೆ ಗಿಡುಗದ ಕಣ್ಣು ಬೀಳುತ್ತದೆ. ಹೀಗಾಗಿ ಗಿಳಿಗಳು ನೋವನ್ನೂ ಕಾಯಿಲೆಯನ್ನೂ ಕೊನೆಯವರೆಗೆ ಬಚ್ಚಿಡುತ್ತವೆ. ಅಪರಿಚಿತ ಜಾಗದಲ್ಲಿ ಉಸಿರು ಬಿಗಿಹಿಡಿದು ಕೂರುವುದೂ ಇದೇ ಸ್ವಭಾವದ ಇನ್ನೊಂದು ಮುಖ. ಮೊದಲ ವಾರ ಸದ್ದಿಲ್ಲದೆ ಕೂತು, ಕೈ ಚಾಚಿದರೆ ಹತ್ತಿ ಬಂದ ಗಿಳಿ, ಜಾಗ ತನ್ನದೆನಿಸಿದ ಮೇಲೆ ಕಿರುಚಲೂಬಹುದು, ಕಚ್ಚಲೂಬಹುದು. ಮೊದಲ ದಿನ ಕಚ್ಚಿದ್ದು ತಿಂಗಳೊಳಗೆ ತಲೆ ತಗ್ಗಿಸಿ ಕತ್ತು ಕೆರೆಸಿಕೊಳ್ಳಲೂಬಹುದು. ಎರಡು ಮೂರು ವಾರ ಕಳೆಯುವ ಮುನ್ನ ಅದರ ಚೀಟಿಯ ಮೇಲೆ 'ಸಾಧು' ಎಂದಾಗಲಿ 'ಕಚ್ಚುತ್ತದೆ' ಎಂದಾಗಲಿ ಬರೆಯಬಾರದು. ಒಮ್ಮೆ ಬರೆದರೆ ಆಮೇಲೆ ಬಂದವರೆಲ್ಲ ಹಕ್ಕಿಯನ್ನು ಬಿಟ್ಟು ಚೀಟಿಯನ್ನೇ ನೋಡುತ್ತಾರೆ.

ಮೊದಲ ಎರಡು ಮೂರು ದಿನ ಮಾಡಬೇಕಾದ್ದು ಕಡಿಮೆ. ಪಂಜರದ ಬೆನ್ನು ಗೋಡೆಗೆ ತಾಗಿರಲಿ, ಒಂದು ಬದಿಗೆ ಬಟ್ಟೆ ಹೊದಿಸಿ, ಬೇಕೆನಿಸಿದಾಗ ಅಡಗಿಕೊಳ್ಳಲು ಒಂದು ಕಡೆ ಇರಬೇಕು. ಪಂಜರವನ್ನು ನೆಲದ ಮೇಲಿಡಬಾರದು. ಮೇಲಿಂದ ಬಾಗುವ ಆಕೃತಿಗಳೆಲ್ಲ ಗಿಳಿಗೆ ಗಿಡುಗವೇ. ರಾತ್ರಿ 10ರಿಂದ 12 ಗಂಟೆ ಕತ್ತಲು ಮತ್ತು ಮೌನ ಬೇಕು. ಹಳೆಯ ಮನೆಯಿಂದ ಬಂದ ಬಟ್ಟಲು, ಆಟಿಕೆ, ಕೂರುವ ಕೋಲು ಎಷ್ಟೇ ಹಳತಾಗಿ ಕಂಡರೂ, ಅಪಾಯವಿಲ್ಲದಿದ್ದರೆ ಅಲ್ಲೇ ಇರಲಿ. ಹೊಸ ವಸ್ತುವಿಗೆ ಹೆದರುವುದರಲ್ಲಿ ಆಫ್ರಿಕನ್ ಗ್ರೇ ಹೆಸರುವಾಸಿ. ಕಾಣದ ಬಣ್ಣದ ಬಟ್ಟಲಿನಲ್ಲಿ ಕೊಟ್ಟರೆ ಗೊತ್ತಿರುವ ಊಟವನ್ನೂ ಮುಟ್ಟದೆ ಕೂತಿರಬಹುದು.

ಬೇರೆ ಕೋಣೆ ಏಕೆ, ಎಷ್ಟು ದಿನ?

ಹೊಸ ಹಕ್ಕಿಯನ್ನು ಕನಿಷ್ಠ 30 ದಿನ, ಅನೇಕ ಕಡೆ 45 ದಿನ, ಬೇರೆ ಇಡುತ್ತಾರೆ. ಇದೇ ಕ್ವಾರಂಟೈನ್. ಬೇರೆ ಪಂಜರವಷ್ಟೇ ಸಾಲದು, ಗಾಳಿಯೂ ಬೇರೆಯಾಗಬೇಕು, ಅಂದರೆ ಬಾಗಿಲು ಮುಚ್ಚಿದ ಪ್ರತ್ಯೇಕ ಕೋಣೆ. ಗಿಳಿಗಳ ಹಲವು ರೋಗಗಳು ಗರಿಯ ಧೂಳಿನಲ್ಲಿ, ಒಣಗಿ ಪುಡಿಯಾದ ಹಿಕ್ಕೆಯಲ್ಲಿ ತೇಲಿಕೊಂಡು ಹೋಗುತ್ತವೆ.

ಅವುಗಳಲ್ಲಿ ಸಿಟಕೋಸಿಸ್ ಮನುಷ್ಯರಿಗೂ ತಗಲುತ್ತದೆ. ಕ್ಲಮಿಡಿಯ ಸಿಟಸಿ ಎಂಬ ಬ್ಯಾಕ್ಟೀರಿಯ ಇದಕ್ಕೆ ಕಾರಣ. ಜ್ವರ, ತಲೆನೋವು, ಒಣಕೆಮ್ಮು ಬಂದು ನ್ಯುಮೋನಿಯಾಕ್ಕೂ ತಿರುಗಬಹುದು. ಡಾಕ್ಸಿಸೈಕ್ಲಿನ್ ಎಂಬ ಔಷಧಿಗೆ ಗುಣವಾಗುತ್ತದೆ. ಹಕ್ಕಿಗೆ ಸಾಮಾನ್ಯವಾಗಿ 45 ದಿನದ ಚಿಕಿತ್ಸೆ. ಕೇಂದ್ರದಲ್ಲಿ ಕೆಲಸ ಮಾಡುವವರಿಗೆ ಜ್ವರ ಬಂದರೆ, ಹಕ್ಕಿಗಳ ಒಡನಾಟ ಇದೆ ಎಂದು ತಾವಾಗಿಯೇ ವೈದ್ಯರಿಗೆ ಹೇಳಬೇಕು. ಹೇಳದಿದ್ದರೆ ಅದು ಬರೀ ಫ್ಲೂ ಎಂದುಕೊಂಡು ದಿನ ಕಳೆದುಹೋಗುತ್ತದೆ. ಹಿಕ್ಕೆಯನ್ನು ಒಣಗಿದ್ದಾಗಲೇ ಗುಡಿಸಬಾರದು. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಒರೆಸಿ ತೆಗೆಯಬೇಕು.

ಕೆಲಸದ ಸರದಿಯೂ ಮುಖ್ಯ. ಮೊದಲು ಹಳೆಯ, ಆರೋಗ್ಯವಾಗಿರುವ ಹಕ್ಕಿಗಳು, ಕೊನೆಗೆ ಕ್ವಾರಂಟೈನ್ ಕೋಣೆ. ಆ ಕೋಣೆಯ ಬಟ್ಟಲು, ಪೊರಕೆ, ಮೇಲಂಗಿ, ಚಪ್ಪಲಿ ಅಲ್ಲೇ ಇರಬೇಕು. ತಪ್ಪುವುದು ಹೆಚ್ಚಾಗಿ ಪಾತ್ರೆ ತೊಳೆಯುವಲ್ಲಿ: ಕೋಣೆ ಬೇರೆ ಇದ್ದು, ಎಲ್ಲರ ಬಟ್ಟಲನ್ನೂ ಒಂದೇ ಸ್ಪಂಜಿನಲ್ಲಿ ಉಜ್ಜಿದರೆ ಇಡೀ ತಿಂಗಳ ಎಚ್ಚರಿಕೆ ನೀರುಪಾಲು.

ಈ ಅವಧಿಯಲ್ಲೇ ಪಕ್ಷಿವೈದ್ಯರು ರಕ್ತ, ಹಿಕ್ಕೆ, ಗರಿಯ ಮಾದರಿ ತೆಗೆದು ಪಿಸಿಆರ್ ಪರೀಕ್ಷೆಗೆ ಕಳಿಸುತ್ತಾರೆ. ರೋಗಾಣುವಿನ ವಂಶವಸ್ತುವಿನ ಚೂರು ಮಾದರಿಯಲ್ಲಿದೆಯೇ ಎಂದು ಹುಡುಕುವ ಪರೀಕ್ಷೆ ಇದು. ರೋಗಾಣು ಎಲ್ಲ ದಿನವೂ ಹೊರಬೀಳುವುದಿಲ್ಲವಾದ್ದರಿಂದ, ಒಮ್ಮೆ 'ಇಲ್ಲ' ಎಂದು ಬಂದ ಮಾತ್ರಕ್ಕೆ ಬಾಗಿಲು ತೆರೆಯಬಾರದು. ಮರುಪರೀಕ್ಷೆ ಯಾವಾಗ ಎಂದು ವೈದ್ಯರನ್ನೇ ಕೇಳಬೇಕು.

ತಕ್ಕಡಿ ಸುಳ್ಳು ಹೇಳುವುದಿಲ್ಲ

ಗರಿಗಳು ಮೈಯ ಸೊರಗನ್ನು ಮುಚ್ಚಿಡುತ್ತವೆ. ಅರ್ಧ ಕರಗಿದ ಗಿಳಿಯೂ ಹೊರಗಿನಿಂದ ದುಂಡಗೇ ಕಾಣುತ್ತದೆ. ಆದ್ದರಿಂದ ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಉಪಕರಣ. ಪ್ರತಿದಿನ ಬೆಳಗ್ಗೆ, ರಾತ್ರಿಯ ದೊಡ್ಡ ಹಿಕ್ಕೆ ಬಿದ್ದ ಮೇಲೆ, ಊಟಕ್ಕೆ ಮುಂಚೆ ತೂಗಬೇಕು. ತಕ್ಕಡಿಯ ಮೇಲೆ ಕೂರುವ ಕೋಲು ಕಟ್ಟಿ ಸೊನ್ನೆಗೆ ತಂದರೆ, ಕೈಗೆ ಹತ್ತುವ ಹಕ್ಕಿಗೆ ಅಷ್ಟೇ ಸಾಕು. ಹತ್ತದ ಹಕ್ಕಿಯನ್ನು ದಿನಾ ಹಿಡಿದು ಹೆದರಿಸುವುದಕ್ಕಿಂತ, ಅದು ತಾನಾಗಿ ಹೊಕ್ಕ ಸಣ್ಣ ಪೆಟ್ಟಿಗೆಯ ಸಮೇತ ತೂಗಿ, ಪೆಟ್ಟಿಗೆಯ ತೂಕ ಕಳೆಯುವುದು ಒಳ್ಳೆಯದು.

ಬಡ್ಜಿ ಸುಮಾರು 30–40 ಗ್ರಾಂ, ಕಾಕಟಿಯಲ್ 80–110, ಆಫ್ರಿಕನ್ ಗ್ರೇ 400–550, ನೀಲಿ-ಹಳದಿ ಮಕಾವ್ 900–1200 ಗ್ರಾಂ ತೂಗುತ್ತವೆ. ಆದರೆ ಜಾತಿಯ ಅಂಕಿಗಿಂತ ಆ ಒಂದು ಹಕ್ಕಿಯ ದಿನದಿನದ ಸಾಲು ಹೆಚ್ಚು ಹೇಳುತ್ತದೆ. ಕೆಲವೇ ದಿನಗಳಲ್ಲಿ ನೂರಕ್ಕೆ ಹತ್ತರಷ್ಟು ಇಳಿದರೆ ಅಂದೇ ವೈದ್ಯರ ಬಳಿ ಹೋಗಬೇಕು. 450 ಗ್ರಾಂ ಇದ್ದ ಗ್ರೇ 405ಕ್ಕೆ ಬಂದರೆ ಕಣ್ಣಿಗೇನೂ ಗೊತ್ತಾಗುವುದಿಲ್ಲ. 35 ಗ್ರಾಂ ಬಡ್ಜಿಗೆ ಈ ಹತ್ತನೇ ಒಂದು ಭಾಗ ಎಂದರೆ ಬರೀ ಮೂರೂವರೆ ಗ್ರಾಂ. 5 ಗ್ರಾಂ ಲೆಕ್ಕದ ತಕ್ಕಡಿಗೆ ಅದು ಕಾಣಿಸುವುದೇ ಇಲ್ಲ.

ತೂಕದ ಜೊತೆಗೆ ಎದೆಯ ನಡುವಿನ ಏಣುಮೂಳೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಎರಡೂ ಬದಿ ಮಾಂಸ ತುಂಬಿ, ಮೂಳೆಯ ಅಂಚು ಮೆಲ್ಲಗೆ ಸಿಕ್ಕಿದರೆ ಸರಿ. ಚಾಕುವಿನ ಅಲಗಿನಂತೆ ಎದ್ದಿದ್ದರೆ ಹಸಿದ ಅಥವಾ ರೋಗದ ಹಕ್ಕಿ. ಹುಡುಕಿದರೂ ಸಿಗದಿದ್ದರೆ ಕೊಬ್ಬು.

ಹಸಿವಿನ ಬಗ್ಗೆ ಮೋಸ ಹೋಗುವ ಒಂದು ಜಾಗವಿದೆ. ಗಿಳಿ ಕಾಳಿನ ಸಿಪ್ಪೆ ಸುಲಿದು ತಿರುಳು ತಿಂದು, ಸಿಪ್ಪೆಯನ್ನು ಬಟ್ಟಲಿಗೇ ಬಿಡುತ್ತದೆ. ಸಂಜೆ ನೋಡಿದರೆ ಬಟ್ಟಲು ತುಂಬಿದಂತೆ ಕಾಣುತ್ತದೆ. ಊದಿ ನೋಡಿ, ಎಲ್ಲ ಹೊಟ್ಟಾಗಿ ಹಾರಿದರೆ ಕೆಳಗೆ ಒಂದು ಕಾಳೂ ಇಲ್ಲ. ಸಣ್ಣ ಗಿಳಿಗಳು ಒಂದೆರಡು ದಿನದ ಉಪವಾಸಕ್ಕೇ ಸಾಯಬಲ್ಲವು. ಊದಿ ನೋಡುವ ಆ ಒಂದು ಕ್ಷಣವನ್ನು ಯಾವ ಗಡಿಬಿಡಿಯಲ್ಲೂ ಬಿಡಬಾರದು.

ಹಿಕ್ಕೆಯನ್ನು ಓದುವುದು

ಪಂಜರದ ತಳಕ್ಕೆ ಬಿಳಿಯ ಕಾಗದ ಹಾಸಿ, ದಿನಾ ಬದಲಿಸಿ. ಮರಳು, ಮರದ ಹೊಟ್ಟು ಹಾಕಿದರೆ ಓದಲು ಏನೂ ಉಳಿಯುವುದಿಲ್ಲ. ಗಿಳಿಯ ಹಿಕ್ಕೆಯಲ್ಲಿ ಮೂರು ಭಾಗ ಇರುತ್ತದೆ: ಸುರುಳಿಯಂತಿರುವ ಹಸಿರು ಅಥವಾ ಕಂದು ಮಲ, ಸುಣ್ಣದಂಥ ಬಿಳಿ ಯೂರೇಟ್, ಸುತ್ತ ತಿಳಿಯಾದ ಮೂತ್ರ. ಮನುಷ್ಯರ ಮೂತ್ರದಲ್ಲಿ ಕರಗಿ ಹೋಗುವ ತ್ಯಾಜ್ಯ ಹಕ್ಕಿಗಳಲ್ಲಿ ಹೀಗೆ ಬಿಳಿಯಾಗಿ, ಗಟ್ಟಿಯಾಗಿ ಬೀಳುತ್ತದೆ.

ಪ್ರಯಾಣ ಮಾಡಿ ಬಂದ ಹಕ್ಕಿ ಮೊದಲು ನೀರುನೀರಾಗಿಯೇ ಹಾಕುತ್ತದೆ, ಅದು ಭಯದ್ದು. ಮರುದಿನವೂ ಹಾಗೇ ಇದ್ದರೆ ಯೋಚಿಸಬೇಕು. ಬೀಟ್‌ರೂಟ್ ತಿಂದರೆ ಕೆಂಪಾಗುವುದು, ಬಣ್ಣದ ಪೆಲೆಟ್ (ಗಿಳಿಗಳಿಗೆಂದೇ ತಯಾರಿಸಿದ ಗುಳಿಗೆಯಂಥ ಆಹಾರ) ತಿಂದರೆ ಆ ಬಣ್ಣ ಬರುವುದು ಸಹಜ. ಆದರೆ ಬಿಳಿ ಭಾಗ ಹಳದಿಗೋ ಎಳೆನಿಂಬೆಯ ಹಸಿರಿಗೋ ತಿರುಗಿದರೆ ಯಕೃತ್ತಿನ ತೊಂದರೆ ಇರಬಹುದು, ಸಿಟಕೋಸಿಸ್‌ನಲ್ಲೂ ಹೀಗಾಗುತ್ತದೆ. ಇಡೀ ಕಾಳುಗಳೇ ಹೊರಬಂದರೆ ಜೀರ್ಣವಾಗುತ್ತಿಲ್ಲ ಎಂದರ್ಥ. ಹೊಟ್ಟೆಯ ನರಗಳನ್ನು ಹಾಳುಮಾಡುವ ಬೋರ್ನಾವೈರಸ್ ರೋಗದ ಲಕ್ಷಣಗಳಲ್ಲಿ ಇದೂ ಒಂದು. ಹಿಕ್ಕೆಯ ಸಂಖ್ಯೆ ಕುಸಿದರೆ, ಬಟ್ಟಲು ಏನೇ ಹೇಳಲಿ, ಹಕ್ಕಿ ತಿನ್ನುತ್ತಿಲ್ಲ.

ಹಗಲಲ್ಲೂ ಗರಿ ಉಬ್ಬಿಸಿಕೊಂಡು ತೂಕಡಿಸುವುದು, ಪಂಜರದ ತಳದಲ್ಲಿ ಕೂರುವುದು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ತೂಗುವುದು, ಬಾಯಿ ತೆರೆದು ಉಸಿರಾಡುವುದು: ಇವುಗಳಲ್ಲಿ ಯಾವುದನ್ನು ಕಂಡರೂ ನಾಳೆ ನೋಡೋಣ ಎನ್ನುವಂತಿಲ್ಲ. ಸುಮಾರು 29–30 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ, ಮಬ್ಬು ಬೆಳಕಿನಲ್ಲಿಟ್ಟು ವೈದ್ಯರನ್ನು ಕರೆಯಬೇಕು.

ಮೈಮೇಲಿನ ಗುರುತುಗಳು

ಗರಿ ಉದುರಿದ ಗಿಳಿಯನ್ನು ಕಂಡಾಗ ಮೊದಲು ನೋಡಬೇಕಾದ್ದು ತಲೆ. ತನ್ನ ತಲೆಗೆ ತನ್ನ ಕೊಕ್ಕು ಎಟುಕುವುದಿಲ್ಲ. ಎದೆ, ತೊಡೆ ಬೋಳಾಗಿ ತಲೆ ಮಾತ್ರ ತುಂಬಿದ್ದರೆ ಅದು ತಾನೇ ಕಿತ್ತುಕೊಳ್ಳುತ್ತಿದೆ. ಬೇಸರ, ಒಂಟಿತನ, ಚರ್ಮದ ತುರಿಕೆ, ಒಳಗಿನ ಕಾಯಿಲೆ ಯಾವುದೂ ಕಾರಣವಿರಬಹುದು. ತಲೆಯೂ ಬೋಳಾಗಿದ್ದರೆ ಜೊತೆಯ ಹಕ್ಕಿ ಕೀಳುತ್ತಿತ್ತು, ಇಲ್ಲವೇ ರೋಗ. ಕೊಕ್ಕು-ಗರಿ ರೋಗ ಎಂಬ ವೈರಸ್ ಸೋಂಕಿನಲ್ಲಿ ಗರಿಗಳು ತಿರುಚಿಕೊಂಡು ಹುಟ್ಟುತ್ತವೆ. ಕಾಕಟೂಗಳ ಮೈಯಲ್ಲಿ ಹಿಟ್ಟಿನಂಥ ಪುಡಿ ಉದುರುತ್ತಿರುತ್ತದೆ, ಆದ್ದರಿಂದ ಬಿಳಿ ಕಾಕಟೂವಿನ ಕಪ್ಪು ಕೊಕ್ಕಿನ ಮೇಲೂ ಬೂದಿ ಸವರಿದ ಹಾಗಿರುತ್ತದೆ. ಆ ಕೊಕ್ಕು ಪಾಲಿಶ್ ಹಾಕಿದಂತೆ ಮಿರಮಿರ ಹೊಳೆಯುತ್ತಿದ್ದರೆ ಆರೋಗ್ಯವೆಂದು ಹಿಗ್ಗಬಾರದು. ಪುಡಿ ಮಾಡುವ ಗರಿಗಳೇ ಸತ್ತಿರಬಹುದು.

ರೆಕ್ಕೆಯ ಗರಿಗಳ ತುದಿ ನೇರವಾಗಿ ಕತ್ತರಿಸಿದಂತಿದ್ದರೆ ಹಾರದಂತೆ ಕತ್ತರಿ ಹಾಕಿದ್ದಾರೆ. ಕತ್ತರಿಸಿದ ಗರಿ ಬೆಳೆಯುವುದಿಲ್ಲ. ಅದು ಉದುರಿ ಹೊಸದು ಬರುವವರೆಗೆ ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಕೂರುವ ಕೋಲುಗಳು ತಗ್ಗಿನಲ್ಲಿರಲಿ, ಕೆಳಗೆ ದಪ್ಪ ಬಟ್ಟೆ ಇರಲಿ. ಹಾರಲು ಹೋಗಿ ಎದೆ ಬಡಿದು ಬಿದ್ದರೆ ಚರ್ಮ ಬಿರಿಯುತ್ತದೆ. ಪಾದದ ಅಡಿ ಕೆಂಪಾಗಿ ನುಣುಪಾಗಿದ್ದರೆ ವರ್ಷಗಟ್ಟಲೆ ಒಂದೇ ದಪ್ಪದ ಕೋಲಿನ ಮೇಲೆ ನಿಂತಿದೆ. ಬೇರೆ ಬೇರೆ ದಪ್ಪದ, ತೊಗಟೆಯಿರುವ ಕೊಂಬೆಗಳು ಬೇಕು.

ಕಾಲಿನಲ್ಲಿ ಬೆಸುಗೆಯಿಲ್ಲದ ಇಡೀ ಉಂಗುರ ಇದ್ದರೆ ಅದು ಮರಿಯಾಗಿದ್ದಾಗಲೇ ತೊಡಿಸಿದ್ದು, ಅಂದರೆ ಸಾಕಣೆಯಲ್ಲೇ ಹುಟ್ಟಿದ ಹಕ್ಕಿ. ಉಂಗುರದ ಸಂಖ್ಯೆ, ಎದೆಯ ಸ್ನಾಯುವಿನಲ್ಲಿ ಮೈಕ್ರೊಚಿಪ್ ಇದ್ದರೆ ಅದರ ಸಂಖ್ಯೆ, ಎರಡನ್ನೂ ಬರೆದಿಡಬೇಕು. ಸುಮಾರು 400 ಜಾತಿಯ ಗಿಳಿಗಳಲ್ಲಿ ಬಡ್ಜಿ, ಕಾಕಟಿಯಲ್, ಗುಲಾಬಿ ಮೊಗದ ಲವ್‌ಬರ್ಡ್, ಕೊರಳುಂಗುರದ ಗಿಳಿ ಈ ನಾಲ್ಕನ್ನು ಬಿಟ್ಟು ಉಳಿದವೆಲ್ಲ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಗಳಲ್ಲಿವೆ. ಹೀಗಾಗಿ ಕಾಗದಪತ್ರ ಕೇಳುವುದು ಬರೀ ಔಪಚಾರಿಕವಲ್ಲ.

ಗಂಡೋ ಹೆಣ್ಣೋ ಎಂಬುದು ಬಹುತೇಕ ಜಾತಿಗಳಲ್ಲಿ ನೋಡಿ ಹೇಳುವಂಥದ್ದಲ್ಲ, ಡಿಎನ್‌ಎ ಪರೀಕ್ಷೆ ಬೇಕು. ಎಕ್ಲೆಕ್ಟಸ್ ಗಿಳಿ ಇದಕ್ಕೆ ಹೊರತು: ಗಂಡು ಹಸಿರು, ಹೆಣ್ಣು ಕೆಂಪು. ವಯಸ್ಸಂತೂ ಇನ್ನೂ ಕಷ್ಟ. ಎಳೆಯ ಗ್ರೇಯ ಕಣ್ಣು ಕಪ್ಪಾಗಿರುತ್ತದೆ, ಬೆಳೆದ ಮೇಲೆ ಒಣಹುಲ್ಲಿನ ಹಳದಿ. ಆಮೇಲೆ 5 ವರ್ಷದ್ದೂ 25 ವರ್ಷದ್ದೂ ಒಂದೇ ತರಹ ಕಾಣುತ್ತವೆ.

ಪರೀಕ್ಷೆಗಾಗಿ ಹಿಡಿಯಲೇಬೇಕಾದಾಗ ಟವೆಲಿನಲ್ಲಿ ಸುತ್ತಿ ತಲೆಯನ್ನು ಹಿಡಿಯುತ್ತಾರೆ, ಎದೆಯನ್ನು ಎಂದೂ ಒತ್ತುವುದಿಲ್ಲ. ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಡಿಸುವ ಸ್ನಾಯುವಾದ ವಪೆ ಹಕ್ಕಿಗೆ ನಮ್ಮಂತೆ ಇಲ್ಲ. ಎದೆಗೂಡು ಹಿಂದೆ ಮುಂದೆ ಆಡಿದರೆ ಮಾತ್ರ ಉಸಿರು. ಮೂಗು ಬಾಯಿ ತೆರೆದಿದ್ದರೂ ಎದೆ ಬಿಗಿದರೆ ಉಸಿರು ಕಟ್ಟುತ್ತದೆ.

ಬಿಟ್ಟು ಹೋಗುವವರನ್ನು ಏನು ಕೇಳಬೇಕು?

'ಹೇಗಿದೆ, ಒಳ್ಳೆಯದಾ?' ಎಂದು ಕೇಳಿದರೆ ಸಿಗುವ ಉತ್ತರದಿಂದ ಪ್ರಯೋಜನವಿಲ್ಲ. ನಿನ್ನೆ ಬೆಳಗ್ಗೆ ಪಂಜರದ ಬಟ್ಟೆ ತೆಗೆದಾಗ ಏನು ಮಾಡಿತು, ಮೊದಲು ಯಾವ ಕಾಳು ಆರಿಸಿತು, ರಾತ್ರಿ ಎಷ್ಟು ಗಂಟೆಗೆ ದೀಪ ಆರಿಸುತ್ತಿದ್ದಿರಿ, ಕೊನೆಗೆ ಕಚ್ಚಿದ್ದು ಯಾರನ್ನು, ಅದಕ್ಕೆ ಒಂದು ನಿಮಿಷ ಮುಂಚೆ ಏನಾಗಿತ್ತು ಎಂದು ಕೇಳಿ. ಮನೆಯಲ್ಲಿ ಸಿಗರೇಟು ಸೇದುತ್ತಿದ್ದರೇ, ಬೇರೆ ಹಕ್ಕಿಗಳಿದ್ದವೇ, ಮೊಟ್ಟೆ ಇಟ್ಟಿತ್ತೇ ಎನ್ನುವುದೂ ಬೇಕು. ದೂಷಣೆಯ ದನಿ ಸೇರಿತೆಂದರೆ ನಿಜ ಹೊರಬರುವುದಿಲ್ಲ. ಬಿಟ್ಟು ಹೋಗುವುದು ಅವರಿಗೂ ಸುಲಭವಾಗಿರುವುದಿಲ್ಲ.

ಅದಕ್ಕೆ ಗೊತ್ತಿರುವ ಮಾತು, ಸೀಟಿ, ಹಾಡಿನ ತುಣುಕುಗಳನ್ನು ಇದ್ದಂತೆಯೇ ಬರೆದುಕೊಳ್ಳಿ. ಗಿಳಿಗಳು ಹಿಂಡಿನವರ ಕರೆಗೆ ಕರೆ ಕೊಟ್ಟು ಬದುಕುವ ಜೀವಿಗಳು. ಅದು ಹಳೆಯ ಮನೆಯ ಸೀಟಿ ಹಾಕಿದಾಗ ಇಲ್ಲಿಯೂ ಯಾರಾದರೂ ಮರುಸೀಟಿ ಹಾಕಿದರೆ, ಹೊಸ ಜಾಗದಲ್ಲಿ ಅದಕ್ಕೆ ಸಿಗುವ ಮೊದಲ ಗುರುತು ಅದೇ.

ಕಣ್ಣು, ಗರಿ, ಕೊಕ್ಕು ಆಡುವ ಮಾತು

ಕೊಕ್ಕನ್ನು ಮೆಲ್ಲಗೆ ಕರಕರ ಮಸೆಯುತ್ತ ಒಂದು ಕಾಲು ಮೇಲೆತ್ತಿ ಕೂತಿದ್ದರೆ ನಿದ್ದೆಗೆ ಮುಂಚಿನ ನೆಮ್ಮದಿ. ಮೈ ಕೊಡವಿ ಬಾಲ ಅಲ್ಲಾಡಿಸಿದರೆ ಬಿಗಿತ ಸಡಿಲಿದೆ. ಗರಿಗಳನ್ನು ಮೈಗೆ ಅಂಟಿಸಿ ತೆಳ್ಳಗಾಗಿ ಎತ್ತರಕ್ಕೆ ನಿಂತರೆ ಭಯ. ಕಣ್ಣಪಾಪೆ ಕುಗ್ಗುತ್ತ ಹಿಗ್ಗುತ್ತ ಇದ್ದರೆ ಉದ್ರೇಕ. ಅದು ಖುಷಿಯೂ ಆಗಬಹುದು, ಸಿಟ್ಟೂ ಆಗಬಹುದು, ಉಳಿದ ಮೈ ನೋಡಿ ತೀರ್ಮಾನಿಸಬೇಕು. ಅಮೆಜಾನ್ ಗಿಳಿ ಕಣ್ಣು ಮಿನುಗಿಸುತ್ತ, ಕತ್ತಿನ ಗರಿ ಎಬ್ಬಿಸಿ, ಬಾಲವನ್ನು ಬೀಸಣಿಗೆಯಂತೆ ಹರಡಿದರೆ ಕೈ ದೂರವಿಡಿ. ಗ್ರೇ ಗುರುಗುಟ್ಟುವುದು ಹೆದರಿದಾಗ.

ಕಚ್ಚುವುದು ಗಿಳಿಯ ಕೊನೆಯ ಮಾತು. ಅದಕ್ಕೆ ಮುಂಚೆ ಅದು ಮುಖ ತಿರುಗಿಸಿರುತ್ತದೆ, ಹಿಂದೆ ಸರಿದಿರುತ್ತದೆ, ಕೊಕ್ಕು ತೆರೆದು ತೋರಿಸಿರುತ್ತದೆ. ಈ ಸೂಚನೆಗಳಿಗೆ ಬೈದರೆ, ಅಥವಾ ಲೆಕ್ಕಿಸದೆ ಕೈ ಮುಂದೊಡ್ಡಿದರೆ, ಅವು ವ್ಯರ್ಥ ಎಂದು ಗಿಳಿ ಕಲಿಯುತ್ತದೆ. ಆಮೇಲೆ ನೇರ ಕಚ್ಚುತ್ತದೆ. 'ಏಕಾಏಕಿ ಕಚ್ಚುತ್ತದೆ' ಎಂಬ ದೂರಿನೊಂದಿಗೆ ಬರುವ ಗಿಳಿ ಎಷ್ಟೋ ಬಾರಿ ಹೀಗೆ ತಯಾರಾದದ್ದು.

ಕೈಗೆ ಹತ್ತುವ ಮುನ್ನ

ದೂರದಿಂದ ಆರಂಭಿಸಿ. ಪಂಜರದ ಕಡೆ ನಿಧಾನ ನಡೆದು, ಗಿಳಿ ಮೊದಲ ಬಾರಿ ಬಿಗಿಯಾದ ಜಾಗದಲ್ಲಿ ನಿಂತು, ಒಂದು ಹೆಜ್ಜೆ ಹಿಂದೆ ಸರಿದು ಪಕ್ಕಕ್ಕೆ ತಿರುಗಿ ಕೂರಿ. ಎರಡೂ ಕಣ್ಣಿಂದ ದಿಟ್ಟಿಸುವುದು ಬೇಟೆಗಾರನ ನೋಟ. ಅದು ಮೈ ಸಡಿಲಿಸಿದಾಗ ಅದಕ್ಕೆ ಬಹಳ ಇಷ್ಟದ ತಿಂಡಿಯೊಂದನ್ನು ಬಟ್ಟಲಿಗೆ ಹಾಕಿ ಹೊರಟುಬಿಡಿ. ಯಾವ ತಿಂಡಿ ಇಷ್ಟ ಎಂದು ತಿಳಿಯಲು ಐದಾರು ಬಗೆ ಇಟ್ಟು ಯಾವುದನ್ನು ಮೊದಲು ಎತ್ತಿಕೊಳ್ಳುತ್ತದೆ ನೋಡಿದರಾಯಿತು. ಆ ತಿಂಡಿ ಇನ್ನು ಮುಂದೆ ಬಟ್ಟಲಿನ ಊಟದಲ್ಲಿ ಬೇಡ, ಕಲಿಕೆಗೆ ಮಾತ್ರ.

ಮುಂದಿನ ಹಂತಕ್ಕೆ ಒಂದು ಉದ್ದ ಕಡ್ಡಿ ಸಾಕು. ಕಂಬಿಯ ಹೊರಗಿನಿಂದ ತೋರಿಸಿ, ಗಿಳಿ ಕೊಕ್ಕಿನಿಂದ ಅದರ ತುದಿ ಮುಟ್ಟಿದೊಡನೆ ತಿಂಡಿ ಕೊಡಿ. ಕಡ್ಡಿ ಹೋದಲ್ಲಿ ಗಿಳಿ ಬರುತ್ತದೆ. ತಕ್ಕಡಿಗೂ, ಪೆಟ್ಟಿಗೆಗೂ, ಕೊನೆಗೆ ಕೈಗೂ. ಒಂದು ಸಲಕ್ಕೆ 3ರಿಂದ 5 ನಿಮಿಷ ಸಾಕು. ಅದಕ್ಕೆ ಬೇಸರವಾಗುವ ಮೊದಲೇ ನಿಲ್ಲಿಸಬೇಕು.

ಕೈ ಒಡ್ಡಿದ ಆ ಕ್ಷಣವನ್ನು ಹತ್ತಿರದಿಂದ ನೋಡೋಣ. ಗಿಳಿ ಮುಂದೆ ಬಾಗುತ್ತದೆ, ಕೊಕ್ಕು ತೆರೆದು ಬೆರಳನ್ನು ಹಿಡಿಯುತ್ತದೆ. ಹಿಡಿತ ಗಟ್ಟಿ, ಆದರೆ ಕಚ್ಚುತ್ತಿಲ್ಲ. ಮರದಲ್ಲಿ ಕೊಂಬೆ ಭಾರ ತಾಳುತ್ತದೆಯೇ ಎಂದು ಹೀಗೇ ಕೊಕ್ಕಿನಿಂದ ನೋಡಿ ಕಾಲಿಡುವುದು. ಕೊಕ್ಕು ಅದರ ಮೂರನೆಯ ಕೈ. ಇಲ್ಲಿ ಹೊಸಬರು ಬೆಚ್ಚಿ ಕೈ ಹಿಂದೆಳೆಯುತ್ತಾರೆ. 'ಈ ಕೊಂಬೆ ಗಟ್ಟಿಯಿಲ್ಲ' ಎಂದು ಗಿಳಿ ತಿಳಿಯುತ್ತದೆ, ಮುಂದಿನ ಸಲ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ಇಲ್ಲವೇ ಹತ್ತುವುದಿಲ್ಲ. ಬೆರಳು ಅಲುಗಾಡದೆ ನಿಂತರೆ, ಕೊಕ್ಕಿನ ನಂತರ ಒಂದು ಕಾಲು ಬರುತ್ತದೆ: ಎರಡು ಬೆರಳು ಮುಂದೆ, ಎರಡು ಹಿಂದೆ. ಆಮೇಲೆ ಭಾರ. ಧೈರ್ಯ ಸಾಲದವರು ಕೈಯ ಬದಲು ತುಂಡು ಕೋಲು ಹಿಡಿಯುವುದು ಇಬ್ಬರಿಗೂ ಕ್ಷೇಮ.

ಸವರುವುದಾದರೆ ತಲೆ, ಕತ್ತು ಮಾತ್ರ. ಬೆನ್ನು, ಬಾಲದ ಬುಡ, ರೆಕ್ಕೆಯಡಿ ಸವರಿದರೆ ಗಿಳಿಗೆ ಅದು ಸಂಗಾತಿಯ ಕರೆ. ಸವರಿದವರನ್ನು ಜೋಡಿಯೆಂದು ಬಗೆದು ಬೇರೆಯವರನ್ನೆಲ್ಲ ಓಡಿಸಲು ಕಚ್ಚತೊಡಗುತ್ತದೆ.

ಊಟದ ಬದಲಾವಣೆ

ಬರೀ ಸೂರ್ಯಕಾಂತಿ ಬೀಜ ತಿಂದು ಬಂದ ಗಿಳಿಗೆ ಕೊಬ್ಬು ಹೆಚ್ಚಿ, ವಿಟಮಿನ್ ಎ ಮತ್ತು ಕ್ಯಾಲ್ಸಿಯಂ ಕಡಿಮೆಯಾಗಿರುತ್ತದೆ. ಆದರೂ ಬಂದ ದಿನವೇ ಬೀಜ ನಿಲ್ಲಿಸುವುದು ಅಪಾಯ. ಪೆಲೆಟ್ ಅದಕ್ಕೆ ಊಟವೆಂದೇ ಗೊತ್ತಿರುವುದಿಲ್ಲ, ಎದುರಿಗಿದ್ದರೂ ಹಸಿದು ಕೂರುತ್ತದೆ. ಮೊದಲು ಹಳೆಯ ಊಟವನ್ನೇ ಕೊಟ್ಟು ತೂಕ ಇಳಿಯದಂತೆ ನಿಲ್ಲಿಸಿ, ನಂತರ ಕೆಲವು ವಾರಗಳಲ್ಲಿ ಬೀಜ ಸ್ವಲ್ಪಸ್ವಲ್ಪ ಇಳಿಸಿ ಪೆಲೆಟ್, ಸೊಪ್ಪು, ಕ್ಯಾರೆಟ್, ಸಿಹಿಗುಂಬಳ ಏರಿಸಬೇಕು. ತೂಕ ಇಳಿಯತೊಡಗಿದರೆ ಹಿಂದಿನ ಹೆಜ್ಜೆಗೆ ಮರಳಬೇಕು. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಮದ್ಯ ಗಿಳಿಗೆ ವಿಷ. ಟೆಫ್ಲಾನ್ ಲೇಪದ ಪಾತ್ರೆ ಅತಿಯಾಗಿ ಕಾದಾಗ ಬರುವ ಹೊಗೆ, ನಮಗೆ ವಾಸನೆ ತಿಳಿಯುವ ಮುನ್ನವೇ, ಪಕ್ಕದ ಕೋಣೆಯ ಹಕ್ಕಿಯನ್ನೂ ಕೊಲ್ಲಬಲ್ಲದು.

ಪಕ್ಕದ ಪಂಜರದ ಪರಿಚಯ

ಕ್ವಾರಂಟೈನ್ ಮುಗಿದು ಪರೀಕ್ಷೆಗಳು ಸರಿಬಂದ ಮೇಲೆ, ಹೊಸ ಪಂಜರವನ್ನು ಇತರ ಗಿಳಿಗಳು ಕಾಣುವಷ್ಟು ದೂರದಲ್ಲಿಡಿ. ಒಂದರ ಕರೆಗೆ ಇನ್ನೊಂದು ಉತ್ತರಿಸಿ, ಎರಡೂ ಗರಿ ತೀಡಿಕೊಳ್ಳುತ್ತ ಕೂತರೆ ಮರುದಿನ ಸ್ವಲ್ಪ ಹತ್ತಿರ. ಕಂಬಿಗೆ ಕಂಬಿ ತಾಗಿಸಬೇಡಿ, ತೂರಿಬಂದ ಕಾಲುಬೆರಳು ದೊಡ್ಡ ಕೊಕ್ಕಿಗೆ ಸಿಕ್ಕರೆ ಉಳಿಯುವುದಿಲ್ಲ. ಹೊರಗೆ ಬಿಡುವುದು ಯಾರದ್ದೂ ಅಲ್ಲದ ಜಾಗದಲ್ಲಿ, ಎರಡು ಬಟ್ಟಲು ದೂರದೂರ ಇಟ್ಟು, ನಾವು ಪಕ್ಕದಲ್ಲಿದ್ದುಕೊಂಡೇ. ಮಕಾವ್ ಎಷ್ಟೇ ಸಾಧುವಾದರೂ ಬಡ್ಜಿಯ ಜೊತೆ ಬಿಡುವಂತಿಲ್ಲ.

ಗಿಳಿ ಹೊಸ ಮನೆಗೆ ಹೊರಟಾಗ ತೂಕದ ಪಟ್ಟಿ, ಪರೀಕ್ಷಾ ವರದಿ, ಸದ್ಯದ ಊಟದ ಅಳತೆ, ಭಯಪಡುವ ವಸ್ತುಗಳ ಹೆಸರು, ಅದು ಹಾಕುವ ಸೀಟಿಯ ಒಂದು ಧ್ವನಿಮುದ್ರಣ ಜೊತೆಯಲ್ಲಿ ಹೋಗಲಿ. ಮನೆಯವರು ಕೇಂದ್ರಕ್ಕೆ ನಾಲ್ಕಾರು ಬಾರಿ ಬಂದು, ಗಿಳಿಯೇ ಅವರ ಬಳಿ ಒಮ್ಮೆಯಾದರೂ ನಡೆದು ಬಂದ ಮೇಲೆ ಪೆಟ್ಟಿಗೆಯ ಬಾಗಿಲು ತೆರೆಯಿರಿ.